ಕಿರು ಜಲವಿದ್ಯುತ್ (ನೇಪಾಳ)
ಗುಡ್ಡಗಾಡಿನ ತೊರೆಗಳಿಂದ ಊರ ಮಟ್ಟದಲ್ಲೇ ವಿದ್ಯುತ್ ತಯಾರಿಸುವ ವ್ಯವಸ್ಥೆ. ಸಾಮಾನ್ಯವಾಗಿ 100 ಕಿಲೋವಾಟ್ ಒಳಗಿನದು. ದೇಶದ ಮೊದಲ ಜಲವಿದ್ಯುತ್ ಕೇಂದ್ರ ಫರ್ಪಿಂಗ್ (1911, 500 ಕಿಲೋವಾಟ್) ಬೆಳಗಿದ್ದು ಆಗ ಆಳುತ್ತಿದ್ದ ರಾಣಾ ಮನೆತನದ ಅರಮನೆಗಳನ್ನು. ಆದರೆ ಹಳ್ಳಿಯ ಬೆಳಕಿನ ಬೇರು ಇರುವುದು ‘ಘಟ್ಟ’ ಎಂಬ ಹಳೆಯ ನೀರುಗಿರಣಿಯಲ್ಲಿ. ಅದರ ಜಾಗಕ್ಕೆ ಬಂದು, ಹಗಲು ಭತ್ತ ಕುಟ್ಟಿ, ಹಿಟ್ಟು ಬೀಸಿದ ಟರ್ಬೈನಿನ ಬೆಲ್ಟನ್ನೇ ಸಂಜೆ ಜನರೇಟರಿಗೆ ತೊಡಿಸಿದರೆ ಮನೆಮನೆಗೆ ದೀಪ. ಸೆಕೆಂಡಿಗೆ 20 ಲೀಟರ್ ನೀರು 50 ಮೀಟರ್ ಇಳಿದರೆ ಸುಮಾರು 5 ಕಿಲೋವಾಟ್ ಸಿಗುತ್ತದೆ. ಬಳಕೆಯಾಗದೆ ಉಳಿದ ವಿದ್ಯುತ್ತನ್ನು ನಿಯಂತ್ರಕವು ತೊಟ್ಟಿಯ ನೀರಲ್ಲಿ ಮುಳುಗಿಸಿದ ಹೀಟರಿಗೆ ತಿರುಗಿಸುತ್ತದೆ. ಯಂತ್ರಕ್ಕಿಂತ ಅದಕ್ಕೆ ನೀರು ತರುವ ಕಾಲುವೆಯ ಕಾಟವೇ ಹೆಚ್ಚು: ಮಳೆಗಾಲದಲ್ಲಿ ಗುಡ್ಡ ಕುಸಿದು ಅದು ಮುಚ್ಚಿಹೋಗುತ್ತದೆ, ಬೇಸಿಗೆಯಲ್ಲಿ ತೊರೆಯೇ ಸೊರಗುತ್ತದೆ. ರಾಷ್ಟ್ರೀಯ ಗ್ರಿಡ್ಡಿನ ತಂತಿ ಊರು ಮುಟ್ಟಿದಲ್ಲಿ ಹಲವು ಘಟಕಗಳು ಮೂಲೆ ಸೇರಿವೆ.