ಮಿನ್ನೆಸೋಟದ ಹಾಟ್‌ಡಿಶ್

ಅಮೆರಿಕದ ಉತ್ತರ ಸೀಮೆಯಲ್ಲಿರುವ ಮಿನ್ನೆಸೋಟ ಸಂಸ್ಥಾನದಲ್ಲಿ, ನಾರ್ವೆ, ಸ್ವೀಡನ್, ಜರ್ಮನಿಗಳಿಂದ ವಲಸೆ ಬಂದು ನೆಲವನ್ನು ಉತ್ತು ನೆಲಸಿದ ಒಕ್ಕಲು ಕುಟುಂಬಗಳ ರಾತ್ರಿಯ ಊಟದಲ್ಲಿ, ಇಪ್ಪತ್ತನೆಯ ಶತಮಾನದಿಂದೀಚೆಗೆ ಹಾಟ್‌ಡಿಶ್ ಎಂಬ ಅಡುಗೆಯು ಸ್ಥಿರವಾದ ಸ್ಥಾನವನ್ನು ಪಡೆದಿರುವುದು. ಕೊಚ್ಚಿದ ದನದ ಮಾಂಸವನ್ನು ಈರುಳ್ಳಿಯೊಡನೆ ಹುರಿದು, ತರಕಾರಿಗಳ ಜೊತೆಗೆ ಮ್ಯಾಕರೋನಿಯನ್ನೋ ಆಲೂಗೆಡ್ಡೆಯನ್ನೋ ಸೇರಿಸಿ, ಗಟ್ಟಿ ಸೂಪನ್ನು ಬೆರೆಸಿ, ಅಗಲವಾದ ಪಾತ್ರೆಯಲ್ಲಿ ಹರಡಿ ಓವನ್‌ನಲ್ಲಿ ಬೇಯಿಸಿದರೆ ಅದು ಸಿದ್ಧವಾಯಿತು.

ಇದರ ಪಾಕಕ್ರಮವು ಮೊತ್ತಮೊದಲು ಅಚ್ಚಾದದ್ದು, ಈವರೆಗೆ ತಿಳಿದಿರುವ ಮಟ್ಟಿಗೆ, 1930ರಲ್ಲಿ, ಮ್ಯಾನ್‌ಕೇಟೊ ಪಟ್ಟಣದ ಗ್ರೇಸ್ ಲೂಥರನ್ ಚರ್ಚಿನ ಮಹಿಳಾ ಸಂಘದವರು ಹೊರತಂದ ಅಡುಗೆ ಪುಸ್ತಕದಲ್ಲಿ. ಕೊಚ್ಚಿದ ಮಾಂಸ, ಈರುಳ್ಳಿ, ಸೆಲರಿ, ಡಬ್ಬಿಯ ಬಟಾಣಿ, ಡಬ್ಬಿಯ ಟೊಮೇಟೊ ಸೂಪು, ಮ್ಯಾಕರೋನಿ: ಅದರ ಸಾಮಗ್ರಿಯೆಲ್ಲ ಇಷ್ಟೇ. 1929ರ ಷೇರುಪೇಟೆಯ ಪತನಕ್ಕೂ ಮುಂಚಿನಿಂದಲೇ ಧಾನ್ಯದ ಬೆಲೆ ಕುಸಿದು ಬಸವಳಿದಿದ್ದ ಆ ರೈತಾಪಿ ಸೀಮೆಯಲ್ಲಿ, ಗೃಹಿಣಿಯ ಮುಂದಿದ್ದ ಪ್ರಶ್ನೆ ರುಚಿಗಿಂತ ಮೊದಲು ಲೆಕ್ಕದ್ದಾಗಿತ್ತು. ಗಂಟೆಗಟ್ಟಲೆ ಬೇಯಿಸಿದ ಹೊರತು ಹಲ್ಲಿಗೆ ಜಗ್ಗದ ಅಗ್ಗದ ಮಾಂಸವು ಯಂತ್ರದಲ್ಲಿ ಕೊಚ್ಚಿದೊಡನೆ ಮೆತ್ತಗಾಗುವುದು; ಒಂದು ಪೌಂಡಿನಷ್ಟು ಮಾಂಸ ಮ್ಯಾಕರೋನಿಯ ನಡುವೆ ಹಂಚಿಹೋದಾಗ ಆರೆಂಟು ಮಂದಿಯ ತಟ್ಟೆಗಳಿಗೂ ಅದರ ಸಾರ ಮುಟ್ಟುವುದು. ಬಡತನವನ್ನು ಮಕ್ಕಳ ತಟ್ಟೆಯಲ್ಲಿ ಕಾಣಗೊಡದ ಈ ಉಪಾಯವನ್ನು ನಾನು ಉತ್ತಮ ಪಾಕವಿದ್ಯೆಯೆಂದೇ ಎಣಿಸುತ್ತೇನೆ.

ಇದಕ್ಕೆ ಬೇಕಾದ ಉಪಕರಣಗಳನ್ನು ಕಾಲವೇ ಒಂದೊಂದಾಗಿ ಒದಗಿಸಿತು. 1897ರಲ್ಲಿ ರಸಾಯನಶಾಸ್ತ್ರಜ್ಞ ಜಾನ್ ಡೊರನ್ಸ್, ಕ್ಯಾಂಪ್‌ಬೆಲ್ ಕಂಪನಿಗಾಗಿ, ನೀರನ್ನು ತಗ್ಗಿಸಿ ಸಾಗಣೆಯ ಭಾರವನ್ನೂ ಬೆಲೆಯನ್ನೂ ಇಳಿಸಿದ ಸಾಂದ್ರ ಸೂಪನ್ನು ಸಿದ್ಧಪಡಿಸಿದನು. 1915ರಲ್ಲಿ ಒಲೆಯ ಕಾವನ್ನು ತಾಳುವ ಪೈರೆಕ್ಸ್ ಗಾಜಿನ ಪಾತ್ರೆಗಳು ಬಂದವು. 1934ರಲ್ಲಿ ಕ್ಯಾಂಪ್‌ಬೆಲ್ ಕಂಪನಿಯ ಅಣಬೆಯ ಕ್ರೀಮ್ ಸೂಪು ಬಂದು, ಹಿಟ್ಟು, ಬೆಣ್ಣೆ, ಹಾಲುಗಳನ್ನು ಕದಡುತ್ತ ನಿಲ್ಲುವ ಶ್ರಮವನ್ನು ತಪ್ಪಿಸಿತು. ಡಬ್ಬಿಯನ್ನು ತೆರೆಯುವುದು ಅಡುಗೆಯೇ ಎಂದು ಮೂಗು ಮುರಿಯುವ ರಸಿಕರು, ಹಸುಗಳ ಹಾಲು ಕರೆದು, ಕೋಳಿಗಳಿಗೆ ಮೇವು ಹಾಕಿ, ಆ ಬಳಿಕ ಒಲೆಯ ಬಳಿಗೆ ಬರುತ್ತಿದ್ದ ಆ ಹೆಣ್ಣುಮಕ್ಕಳ ದಿನಚರಿಯನ್ನು ಸ್ವಲ್ಪ ಪರಿಭಾವಿಸಬೇಕು. 1943ರಿಂದ 1945ರವರೆಗೆ, ಯುದ್ಧದ ನಿಮಿತ್ತ ಮಾಂಸವು ರೇಷನ್ನಿಗೆ ಒಳಪಟ್ಟಾಗ, ಅವರು ಕಲಿತಿದ್ದ ಈ ಮಿತವ್ಯಯವು ಇಡೀ ದೇಶಕ್ಕೇ ಅವಶ್ಯವಾಯಿತು.

ಆದರೆ ಹಾಟ್‌ಡಿಶ್ಶಿನ ನಿಜವಾದ ವಿದ್ಯಾಶಾಲೆಯೆಂದರೆ ಚರ್ಚಿನ ನೆಲಮಾಳಿಗೆ. ಮದುವೆ, ಉತ್ತರಕ್ರಿಯೆ, ಸುಗ್ಗಿಯ ಕೂಟಗಳಿಗೆ ಪ್ರತಿ ಮನೆಯಿಂದಲೂ ಒಂದು ಪಾತ್ರೆ ಅಲ್ಲಿಗೆ ಬರುವುದು. ಬೆರೆತುಹೋಗದಂತೆ ತಳದಲ್ಲಿ ಒಡತಿಯ ಹೆಸರಿನ ಚೀಟಿ ಅಂಟಿರುವುದು. ಯಾರ ಪಾತ್ರೆ ಮೊದಲು ಬರಿದಾಯಿತೆಂಬುದನ್ನು ಎಲ್ಲರೂ ಗಮನಿಸಿ, ಮರುವಾರ ಆ ಕ್ರಮವನ್ನು ಕೇಳಿ ಬರೆದುಕೊಳ್ಳುವರು. ಆ ಸೀಮೆಯ ಮೂಲನಿವಾಸಿಗಳಾದ ಓಜಿಬ್ವೆ ಜನರು ಸರೋವರಗಳಲ್ಲಿ ತಲೆತಲಾಂತರದಿಂದ ಕೊಯ್ದು ತರುವ ಕಾಡಕ್ಕಿಯು ವಲಸಿಗರ ಈ ಅಡುಗೆಯನ್ನು ಸೇರಿದ್ದು ಇಂಥ ಕೊಡುಕೊಳೆಯಿಂದಲೇ ಇರಬೇಕು. 1953ರಲ್ಲಿ ಒರೆಗಾನಿನ ಓರ್-ಐಡಾ ಕಂಪನಿಯವರು, ಆಲೂಗೆಡ್ಡೆಯ ಉಳಿಕೆ ಚೂರುಗಳನ್ನು ಒತ್ತಿ ಕರಿದು ಟೇಟರ್ ಟಾಟ್ಸ್ ಎಂಬ ಉಂಡೆಗಳನ್ನು ಮಾಡಿದರು. ಮಿನ್ನೆಸೋಟದ ಗೃಹಿಣಿಯರು ಅವನ್ನು ಮಾಂಸದ ಮೇಲೆ ಸಾಲುಸಾಲಾಗಿ ಜೋಡಿಸಿ, ಕೆಂಪಗೆ ಗರಿಗರಿಯಾಗುವಂತೆ ಬೇಯಿಸತೊಡಗಿದರು. ಇಂದು ಆ ನಾಡಿನಲ್ಲಿ ಹಾಟ್‌ಡಿಶ್ ಎಂದೊಡನೆ ಬಹುಮಂದಿಯ ನೆನಪಿಗೆ ಬರುವುದು ಈ ರೂಪವೇ.