ಕಾಗದದ ಹೂವಿಗೆ ಕ್ಯಾಪ್ಟನ್ ಹೆಸರು ಬಂದದ್ದು ಹೇಗೆ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೆ ಈ ಸಲದ ಮಾತು ಇಲ್ಲಿ ಬರಹದಲ್ಲಿದೆ. ಅಲ್ಲಲ್ಲಿ ಒಂದೆರಡು ವಿಷಯ ಹೆಚ್ಚಿಗೆ ಸೇರಿಸಿದ್ದೀನಿ, ಯಾಕಂದ್ರೆ ಕ್ಯಾಮೆರಾ ಮುಂದೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಮಾತಾಡಿದ್ರೆ ನೀವು ಬಿಟ್ಟು ಹೋಗ್ತೀರಿ ಅಂತ ನನಗೂ ಗೊತ್ತು.

ಈ ಸಲ ಒಂದು ಬಳ್ಳಿಯ ಕಥೆ. ಚೆನ್ನೈನಲ್ಲಿ ಇರೋರು ಇದನ್ನ ಕಾಗಿದಪ್ಪೂ ಅಂತ ಕೇಳಿರ್ತೀರಿ, ಹೈದರಾಬಾದಿನಲ್ಲಿ ಕಾಗಿತಂ ಪುವ್ವು. ನಾವು ಕಾಗದದ ಹೂ ಅಂತೀವಿ. ಮೂರೂ ಒಂದೇ ಮಾತು. ದೆಹಲಿಯಲ್ಲಿ ಬೋಗನ್‌ವಿಲಿಯಾ. ಮುಂಬೈ, ಪುಣೆಯವರದ್ದು ಮಾತ್ರ ಬೇರೆ ಲೆಕ್ಕ: ಅವರು ಬೋಗನ್‌ವೇಲ್ ಅಂತಾರೆ. ಮರಾಠಿಯಲ್ಲಿ ವೇಲ್ ಅಂದ್ರೆ ಬಳ್ಳಿ. ಒಬ್ಬ ಫ್ರೆಂಚ್ ಕ್ಯಾಪ್ಟನ್ನಿನ ಹೆಸರಿನ ಬಾಲ ಕತ್ತರಿಸಿ, ಅದಕ್ಕೆ ತಮ್ಮದೇ ಬಳ್ಳಿ ಕಟ್ಟಿಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಈ ಗಿಡಕ್ಕೆ ಸಿಕ್ಕಿರೋ ಅತ್ಯಂತ ನ್ಯಾಯವಾದ ಹೆಸರು ಅದೇ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ಗಿಡವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ನಾವು ಹೂ ಅಂದುಕೊಂಡಿರೋ ಆ ಗುಲಾಬಿ ಬಣ್ಣದ ಭಾಗ ಹೂವಲ್ಲ, ಎಲೆ. ಮೂರು ಬಣ್ಣದ ಎಲೆ ಸೇರಿ ಒಂದು ಗೂಡು ಕಟ್ಟಿಕೊಂಡಿರ್ತವೆ. ಅದರೊಳಗೆ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ ಇರೋ ಮೂರು ಸಣ್ಣ ಬಿಳಿ ಕೊಳವೆ ಇರ್ತವಲ್ಲ, ನಿಜವಾದ ಹೂ ಅವು. ಗುಲಾಬಿ, ದಾಸವಾಳದ ಕೆಂಪು ಒಂದು ಜಾತಿಯ ಬಣ್ಣವಾದ್ರೆ, ಇದರದ್ದು ಬೆಟಾಲೈನ್ ಅನ್ನೋ ಬೇರೆಯೇ ಗುಂಪು. ಬೀಟ್‌ರೂಟಿನಲ್ಲಿ, ಕೆಂಪು ದಂಟಿನ ಸೊಪ್ಪಿನಲ್ಲಿ ಇರೋದೂ ಇದೇ ಗುಂಪಿನ ಬಣ್ಣ. ಇನ್ನೂ ಒಂದು ಸಂಬಂಧ ಹೇಳ್ತೀನಿ: ಅಜ್ಜಿ ಮನೆ ಹಿತ್ತಲಲ್ಲಿ ಸಂಜೆ ನಾಲ್ಕಕ್ಕೆ ಅರಳ್ತಿದ್ದ ಸಂಜೆಮಲ್ಲಿಗೆ ಇದರ ಹತ್ತಿರದ ನೆಂಟ, ಒಂದೇ ಕುಟುಂಬ. ಎರಡೂ ಅಮೆರಿಕ ಖಂಡದಿಂದ ಬಂದವು. ಒಂದು ಮಲ್ಲಿಗೆ ಅಂತ ಹೆಸರಿಟ್ಟುಕೊಂಡು ನಮ್ಮ ಹಿತ್ತಲು ಸೇರಿತು. ಇನ್ನೊಂದು ಮುಡಿಗೂ ಇಲ್ಲ, ಪೂಜೆಗೂ ಇಲ್ಲ, ಕಾಂಪೌಂಡ್ ಗೋಡೆ ಮೇಲೆ, ಹೈವೇ ಡಿವೈಡರ್ ಮೇಲೆ ಉಳೀತು.

ಈಗ ಇತಿಹಾಸಕ್ಕೆ ಬರೋಣ. 1763ರಲ್ಲಿ ಏಳು ವರ್ಷದ ಯುದ್ಧ ಮುಗಿದಾಗ ಫ್ರಾನ್ಸ್ ಸೋತು ಸುಣ್ಣವಾಗಿತ್ತು. ಕೆನಡಾ ಕೈಬಿಟ್ಟಿತ್ತು, ಭಾರತದಲ್ಲಿ ಪಾಂಡಿಚೇರಿಯಂಥ ನಾಲ್ಕಾರು ಊರಷ್ಟೇ ವಾಪಸ್ ಸಿಕ್ಕಿದ್ದವು. ಹೋದ ಮಾನ ಒಂದಿಷ್ಟಾದರೂ ವಾಪಸ್ ಬರಲಿ ಅಂತ ರಾಜ ಹದಿನೈದನೇ ಲೂಯಿ ಭೂಮಿ ಸುತ್ತೋಕೆ ಎರಡು ಹಡಗು ಕಳಿಸಿದ. ನಾಯಕ ಲೂಯಿ ಆಂಟ್ವಾನ್ ದ ಬೂಗನ್ವೀಲ್. ಕೆನಡಾ ಯುದ್ಧದಲ್ಲಿ ಹೋರಾಡಿದವನು, ಗಣಿತದ ಪುಸ್ತಕ ಬರೆದವನು, ಒಳ್ಳೇ ಬರಹಗಾರ. ನಮ್ಮ ಕಡೆಯ ಕಾಲ ಹಿಡಿದು ಹೇಳೋದಾದ್ರೆ, ಈ ಹಡಗುಗಳು ಬ್ರೆಜಿಲ್ ತಲುಪಿದ 1767ರಲ್ಲೇ ಹೈದರಾಲಿಗೂ ಇಂಗ್ಲಿಷರಿಗೂ ಮೊದಲ ಮೈಸೂರು ಯುದ್ಧ ಶುರುವಾಯ್ತು.

ಎರಡನೇ ಹಡಗಿನ ಹೆಸರು ಏತ್ವಾಲ್, ಅಂದ್ರೆ ನಕ್ಷತ್ರ. ಅದರಲ್ಲಿ ಫಿಲಿಬೇರ್ ಕೊಮೆರ್ಸೋನ್ ಅನ್ನೋ ವೈದ್ಯ ಇದ್ದ. ಗಿಡಮೂಲಿಕೆ ಹುಚ್ಚು, ರಾಜನೇ ನೇಮಿಸಿದ ಸಸ್ಯಶಾಸ್ತ್ರಜ್ಞ. ಅವನ ಜೊತೆ ಒಬ್ಬ ಸಹಾಯಕ. ಪತ್ರಿಕೆಗಳನ್ನ ಒಣಗಿಸೋದು, ಪೆಟ್ಟಿಗೆ ಹೊರೋದು, ಗುಡ್ಡ ಹತ್ತಿ ಗಿಡ ಕಿತ್ತು ತರೋದು, ಎಲ್ಲ ಆ ಹುಡುಗನ ಕೆಲಸ. ಕೊಮೆರ್ಸೋನ್ ಅವನನ್ನ ಹೊರೆ ಹೊರುವ ಪ್ರಾಣಿ ಅಂತಲೇ ಕರೀತಿದ್ದನಂತೆ. ಹೆಸರು ಬಾರೆ.

ಆ ಹುಡುಗ ಹುಡುಗನಲ್ಲ. ಝಾನ್ ಬಾರೆ, ಬರ್ಗಂಡಿಯ ಹಳ್ಳಿಯ ಬಡವರ ಮಗಳು, 1740ರಲ್ಲಿ ಹುಟ್ಟಿದವಳು. ಕೊಮೆರ್ಸೋನ್ ಮನೆ ನೋಡಿಕೊಳ್ತಿದ್ದವಳು, ಅವನ ಸಂಗಾತಿ. ಫ್ರೆಂಚ್ ನೌಕಾಪಡೆಯ ಹಡಗಿನಲ್ಲಿ ಹೆಂಗಸರು ಹತ್ತೋ ಹಾಗಿರಲಿಲ್ಲ, ಹಾಗಾಗಿ ಗಂಡಸಿನ ಬಟ್ಟೆ ಹಾಕಿ ಬಂದರಿನಲ್ಲಿ ಕೆಲಸ ಕೇಳೋ ಅಪರಿಚಿತನ ಥರ ನಿಂತಳು. (ಬಾರೆ ಅಂದ್ರೆ ನಮ್ಮ ಕಿವಿಗೆ ಅಕ್ಕ ತಂಗೀನ ಕರೆದ ಹಾಗೆ ಕೇಳಿಸುತ್ತೆ. ಅಷ್ಟು ಮಂದಿ ನಾವಿಕರು ದಿನವೂ ಹಾಗೆ ಕರೀತಿದ್ರು ಅಂತ ಊಹಿಸಿಕೊಂಡು ನನಗೆ ನಗು ಬಂತು.) ಗಿಡದ ಸಾಮಾನು ಬಹಳ ಇತ್ತು ಅಂತ ಹಡಗಿನ ಕ್ಯಾಪ್ಟನ್ ತನ್ನ ದೊಡ್ಡ ಕ್ಯಾಬಿನ್ನನ್ನೇ ಇವರಿಗೆ ಬಿಟ್ಟುಕೊಟ್ಟ. ಗುಟ್ಟು ಅಷ್ಟು ದಿನ ಉಳಿದದ್ದಕ್ಕೆ ಅದೂ ಒಂದು ಕಾರಣ.

1767ರ ಜೂನ್‌ನಲ್ಲಿ ಹಡಗು ರಿಯೋ ದ ಜನೈರೋ ಮುಟ್ಟಿತು. ಊರಿನ ಪರಿಸ್ಥಿತಿ ಸರಿಯಿರಲಿಲ್ಲ, ಏತ್ವಾಲ್‌ನ ಪಾದ್ರಿಯೇ ದಡದಲ್ಲಿ ಕೊಲೆಯಾದ. ಅದರ ಮೇಲೆ ಕೊಮೆರ್ಸೋನ್ ಕಾಲಿನಲ್ಲಿ ಆರದ ಹುಣ್ಣು, ನಡೆಯೋದೇ ಕಷ್ಟ. ಆದರೂ ರಿಯೋದಿಂದ ಗಿಡಗಳ ಮಾದರಿ ಹಡಗು ಸೇರಿದವು. ಅದರಲ್ಲಿ ಒಂದು, ಮುಳ್ಳು ಸಿಕ್ಕಿಸಿಕೊಂಡು ಮರ ಹತ್ತುವ, ಬಣ್ಣದ ಎಲೆಯ ಬಳ್ಳಿ. ಕೊಮೆರ್ಸೋನ್ ಅದಕ್ಕೆ ತನ್ನ ನಾಯಕನ ಹೆಸರಿಟ್ಟ.

ನಡೆಯಲಾಗದ ಮನುಷ್ಯನಿಗೆ ಆ ಬಳ್ಳಿಯನ್ನ ಕೊಯ್ದು ತಂದವರು ಯಾರು? ಬಾರೆಯೇ ಇರಬೇಕು ಅಂತ ಅವಳ ಜೀವನಚರಿತ್ರೆ ಬರೆದವರು ವಾದ ಮಾಡ್ತಾರೆ. ಇವತ್ತು ನಾನು ಕೊಯ್ದೆ ಅಂತ ಬರೆದ ಚೀಟಿ ಯಾವುದೂ ಇಲ್ಲ. ಇರೋದು ಸಂದರ್ಭ ಮಾತ್ರ: ಒಬ್ಬನ ಕಾಲು ಹುಣ್ಣು, ಇನ್ನೊಬ್ಬಳ ಹೆಗಲ ಮೇಲೆ ಪೆಟ್ಟಿಗೆ. ನನಗೆ ಆ ವಾದ ಒಪ್ಪಿಗೆ. ಆದ್ರೆ ಒಂದು ಮಾತು ಖಚಿತ, ಬೂಗನ್ವೀಲ್ ಅಂತೂ ಕೊಯ್ಯಲಿಲ್ಲ. ಐಟಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾ? ರಾತ್ರಿಯೆಲ್ಲ ಕೂತು ಕೋಡ್ ಬರೆದವರು ಒಬ್ಬರು, ರಿಲೀಸ್ ಮೇಲ್‌ನಲ್ಲಿ ಹೆಸರು ಇನ್ನೊಬ್ಬರದ್ದು.

1768ರ ಏಪ್ರಿಲ್‌ನಲ್ಲಿ ತಾಹಿತಿ ದ್ವೀಪದಲ್ಲಿ ಗುಟ್ಟು ರಟ್ಟಾಯ್ತು ಅಂತ ಬೂಗನ್ವೀಲ್ ಬರೀತಾನೆ. ದ್ವೀಪದ ಜನ ಒಂದೇ ನೋಟಕ್ಕೆ ಇವಳು ಹೆಂಗಸು ಅಂದರಂತೆ. ಹಡಗಿನ ಬೇರೆಯವರ ದಿನಚರಿಗಳು ಬೇರೆ ರೀತಿ ಹೇಳ್ತವೆ, ಅವು ಅಷ್ಟು ಹಿತವಾಗಿಲ್ಲ. ಆ ವರ್ಷದ ಕೊನೆಗೆ ಮಾರಿಷಸ್‌ನಲ್ಲಿ ಇಬ್ಬರೂ ಹಡಗಿನಿಂದ ಇಳಿದರು. ಅಲ್ಲೇ 1773ರಲ್ಲಿ ಕೊಮೆರ್ಸೋನ್ ತೀರಿಕೊಂಡ. ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಅವನನ್ನ ಸದಸ್ಯನಾಗಿ ಆರಿಸಿದ್ದು ಅವನು ಸತ್ತ ಎಂಟನೇ ದಿನಕ್ಕೆ, ಸುದ್ದಿ ಇನ್ನೂ ತಲುಪಿರಲಿಲ್ಲ. ಬಾರೆ ಪೋರ್ಟ್ ಲೂಯಿಯಲ್ಲಿ ಒಂದು ಪಾನಗೃಹ ನಡೆಸಿದಳು, 1774ರಲ್ಲಿ ಒಬ್ಬ ಫ್ರೆಂಚ್ ಸೈನಿಕನನ್ನ ಮದುವೆಯಾದಳು, ಅವನ ಜೊತೆ ಫ್ರಾನ್ಸಿಗೆ ಮರಳಿದಳು. ಹಾಗೆ ಭೂಮಿ ಪೂರ್ತಿ ಸುತ್ತಿದ ಮೊದಲ ಹೆಂಗಸು, ನಮಗೆ ತಿಳಿದ ಮಟ್ಟಿಗೆ, ಆಕೆಯೇ ಆದಳು. ಯಾರೂ ಬಂದು ಸ್ವಾಗತ ಮಾಡಲಿಲ್ಲ. 1785ರಲ್ಲಿ ನೌಕಾ ಇಲಾಖೆ ವರ್ಷಕ್ಕೆ 200 ಲಿವ್ರ್ ಪಿಂಚಣಿ ಕೊಟ್ಟಿತು, ಅದು ಬಿಡಿ, ಕೊಟ್ಟಿತಲ್ಲ ಅನ್ನೋದೇ ದೊಡ್ಡದು. 1807ರಲ್ಲಿ ತೀರಿಕೊಂಡಳು.

ಗಿಡದ ಮಾದರಿಗಳು ಪ್ಯಾರಿಸ್ ಸೇರಿದ್ದವು. 1789ರಲ್ಲಿ, ಫ್ರೆಂಚ್ ಕ್ರಾಂತಿ ಶುರುವಾದ ವರ್ಷವೇ, ಜುಸ್ಯೂ ಅನ್ನೋ ಸಸ್ಯಶಾಸ್ತ್ರಜ್ಞ ಬಳ್ಳಿಯ ಹೆಸರನ್ನ ಅಚ್ಚು ಹಾಕಿಸಿದ. ಸ್ಪೆಲ್ಲಿಂಗ್ ಬೇರೆ ತಪ್ಪಿತು, ಅದು ಸರಿಹೋಗಿದ್ದು 1930ರ ದಶಕದಲ್ಲಿ. ಕೊಮೆರ್ಸೋನ್‌ಗೆ ಬಾರೆಯ ನೆನಪು ಇರಲಿಲ್ಲ ಅಂತಲ್ಲ. ಒಂದೇ ಗಿಡದಲ್ಲಿ ಬೇರೆ ಬೇರೆ ಆಕಾರದ ಎಲೆ ಬಿಡೋ ಒಂದು ಗಿಡಕ್ಕೆ ಅವಳ ಹೆಸರು ಬರೆದಿಟ್ಟಿದ್ದ. ಆದ್ರೆ ಆ ಜಾತಿಗೆ ಆಗಲೇ ಬೇರೆ ಹೆಸರಿತ್ತು, ಇದು ನಿಲ್ಲಲಿಲ್ಲ. ಅವಳ ಹೆಸರು ಒಂದು ಗಿಡದ ಮೇಲೆ ಗಟ್ಟಿಯಾಗಿ ಕೂತದ್ದು 2012ರಲ್ಲಿ. ಈಕ್ವೆಡಾರ್, ಪೆರು ಗಡಿಯ ಬೆಟ್ಟಗಳಲ್ಲಿ ಸಿಕ್ಕ, ಬದನೆ ಆಲೂಗಡ್ಡೆ ಕುಲದ ಒಂದು ಗಿಡ, ಸೋಲಾನಂ ಬಾರೆಟಿಯೆ. ಅದೂ ಹಬ್ಬುವ ಗಿಡವೇ.

ಭಾರತಕ್ಕೆ ಈ ಬಳ್ಳಿ ಬಂದದ್ದು ಯುರೋಪಿನಿಂದ, 1860ರಲ್ಲಿ, ಕಲ್ಕತ್ತಾಗೆ ಅಂತ ತೋಟಗಾರಿಕೆ ಪುಸ್ತಕಗಳು ಬರೀತವೆ. ನಂತರ ಕಂಟೋನ್ಮೆಂಟ್ ಬಂಗಲೆ, ಕ್ಲಬ್ಬು, ರೈಲ್ವೆ ಸ್ಟೇಷನ್ನು. ತೋಟದಲ್ಲಿ ಇದು ಬೀಜ ಕಟ್ಟೋದು ಅಪರೂಪ, ಹಾಗಾಗಿ ಹೋದಲ್ಲೆಲ್ಲ ಕಡ್ಡಿಯಾಗಿ ಹೋಯ್ತು. ನಿಮ್ಮ ಅಪಾರ್ಟ್‌ಮೆಂಟ್ ಗೇಟಿನ ಗಿಡ ಯಾವುದೋ ಒಂದು ಹಳೇ ಗಿಡದ ತುಂಡಿನ ತುಂಡಿನ ತುಂಡು. 1910ರ ಹೊತ್ತಿಗೆ ಟ್ರಿನಿಡಾಡ್‌ನ ಮಿಸೆಸ್ ಬಟ್ ಅನ್ನೋ ಹೆಂಗಸು ಕೊಲಂಬಿಯಾದಲ್ಲಿ ಒಂದು ಕಡುಗೆಂಪು ಗಿಡ ಕಂಡು ಕಡ್ಡಿ ತಂದರು. ಇವತ್ತಿನ ಎಷ್ಟೋ ಕೆಂಪು, ಕೇಸರಿ ತಳಿಗಳ ಮೂಲ ಅದು.

ಕಡ್ಡಿಯಿಂದ ಬೆಳೆದ ಗಿಡ ತಾಯಿಯ ನಕಲು. ಆದ್ರೂ ಒಮ್ಮೊಮ್ಮೆ ಒಂದೇ ರೆಂಬೆ ತಾನಾಗೇ ಬಣ್ಣ ಬದಲಾಯಿಸುತ್ತೆ. ಒಂದೇ ಗಿಡದಲ್ಲಿ ಬಿಳಿಯೂ ಗುಲಾಬಿಯೂ ಬಿಡೋ ಮೇರಿ ಪಾಮರ್ ತಳಿ ಹಾಗೆ ಕಲ್ಕತ್ತಾದಲ್ಲಿ ಹುಟ್ಟಿತು. ಇಂಥ ರೆಂಬೆ ಮೊದಲು ಯಾರ ಕಣ್ಣಿಗೆ ಬೀಳುತ್ತೆ ಹೇಳಿ? ದಿನಾ ನೀರು ಹಾಕಿ ಕತ್ತರಿ ಆಡಿಸೋ ಮಾಲಿಯ ಕಣ್ಣಿಗೆ. ಹೆಸರು ಮಾತ್ರ ಮೇಡಂದು. ಅಷ್ಟು ವರ್ಷ ಆದ್ರೂ ರಿಯೋದ ಪದ್ಧತಿ ಬದಲಾಗಿರಲಿಲ್ಲ.

ದೆಹಲಿಯ ಗೆಳೆಯರಿಗೆ ಒಂದು ವಿಷಯ. ಪೂಸಾದಲ್ಲಿರೋ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಗೋಧಿಗೆ ಹೆಸರಾದದ್ದು. ಆ ಸಂಸ್ಥೆಯೇ ಒಬ್ಬ ವಲಸಿಗ: 1905ರಲ್ಲಿ ಬಿಹಾರದ ಪೂಸಾದಲ್ಲಿ ಹುಟ್ಟಿ, 1934ರ ಭೂಕಂಪದಲ್ಲಿ ಕಟ್ಟಡ ಹಾಳಾಗಿ, 1936ರಲ್ಲಿ ದೆಹಲಿಗೆ ಬಂತು. ಬರುವಾಗ ಊರಿನ ಹೆಸರನ್ನೂ ಹೊತ್ತು ತಂತು. ಅದರ ನಿರ್ದೇಶಕರಾಗಿದ್ದ ಬಿ.ಪಿ. ಪಾಲ್ ಹಗಲು ತುಕ್ಕುರೋಗ ತಡೆಯೋ ಗೋಧಿ ತಳಿ ಮಾಡಿದವರು, ಆಸೆಗೆ ಗುಲಾಬಿ ಮತ್ತು ಬೋಗನ್‌ವಿಲ್ಲಾ ಬೆಳೆಸಿದವರು. ಸಾನೆಟ್, ಸ್ಟಾಂಜಾ ಅಂತೆಲ್ಲ ತಳಿಗಳಿಗೆ ಹೆಸರಿಟ್ಟರು. 1966ರಿಂದ ಬೋಗನ್‌ವಿಲ್ಲಾದ ಹೊಸ ತಳಿಗಳ ಅಂತರರಾಷ್ಟ್ರೀಯ ನೋಂದಣಿ ಕೆಲಸ ಇದೇ ಸಂಸ್ಥೆಯದ್ದು. ಬ್ರೆಜಿಲ್‌ನವರೇ ಹೊಸ ತಳಿ ಮಾಡಿದ್ರೂ ಅರ್ಜಿ ದೆಹಲಿಗೆ ಬರಬೇಕು.

ಇನ್ನು ನೀವು ಯಾವಾಗ್ಲೂ ಕೇಳೋ ಪ್ರಶ್ನೆ: ಬಾಲ್ಕನಿಯಲ್ಲಿ ಇಟ್ಟಿದ್ದೀವಿ, ಬರೀ ಎಲೆ, ಹೂ ಇಲ್ಲ. ಉತ್ತರವೂ ಅದರ ತವರಿನಲ್ಲೇ ಇದೆ. ಒಣ ಹವೆ ಕಂಡ ಬಳ್ಳಿ ಇದು, ಬಾಯಾರಿದಾಗ ಹೂ ಬಿಡುತ್ತೆ. ನಾವು ತುಳಸಿಗೆ ಹಾಕಿದ ಹಾಗೆ ದಿನಾ ಒಂದು ಚೊಂಬು ನೀರು ಹಾಕಿದ್ರೆ ಎಲೆ ಬಿಟ್ಟುಕೊಂಡು ಸುಖವಾಗಿ ಇರುತ್ತೆ. ಐದಾರು ಗಂಟೆ ನೇರ ಬಿಸಿಲು ಬೇಕು, ಅದು ಇಲ್ಲದ ಬಾಲ್ಕನಿಗೆ ಬೇರೆ ಗಿಡ ನೋಡಿಕೊಳ್ಳಿ. ಎಲೆ ಸ್ವಲ್ಪ ಬಾಡಿದ ಮೇಲೆ ನೀರು ಹಾಕಿ. ಕುಂಡ ಸಣ್ಣದಿದ್ರೆ ಒಳ್ಳೇದು, ಗೊಬ್ಬರ ಕಮ್ಮಿ. ಹೂ ಬರೋದು ಹೊಸ ಚಿಗುರಿನಲ್ಲಿ, ಆದ್ದರಿಂದ ಒಂದು ಸುತ್ತು ಹೂ ಮುಗಿದ ಕೂಡಲೇ ಕತ್ತರಿಸಿ. ಅವರೆಬಳ್ಳಿ ಥರ ಸುತ್ತಿಕೊಂಡು ಹತ್ತೋ ಶಕ್ತಿ ಇದಕ್ಕಿಲ್ಲ, ಮುಳ್ಳೇ ಕೊಕ್ಕೆ. ಗ್ರಿಲ್‌ಗೆ ನೀವೇ ದಾರದಲ್ಲಿ ಕಟ್ಟಬೇಕು.

ಮುಂಬೈ, ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ, ಚೆನ್ನೈನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಹೂವಿನ ಆಸೆ ಬೇಡ, ಕುಂಡದ ತೂತು ಕಟ್ಟದ ಹಾಗೆ ನೋಡಿಕೊಂಡ್ರೆ ಸಾಕು. ದೆಹಲಿ ಚಳಿಗೆ ಎಲೆಯೆಲ್ಲ ಉದುರಿಸಿದ್ರೆ ಸತ್ತಿತು ಅಂತ ಎಸೀಬೇಡಿ. ಉಗುರಿನಲ್ಲಿ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ರೆ ಜೀವ ಇದೆ.

ಊರಿಂದ ಕಡ್ಡಿ ತರಬಹುದಾ ಅಂತ ಕೇಳಿದವರಿಗೆ: ಧಾರಾಳವಾಗಿ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, ಆರೇಳು ಇಂಚು. ಎಲೆ ತೆಗೆದು, ಒದ್ದೆ ಪೇಪರಿನಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ತಂದ್ರೂ ಏನೂ ಆಗಲ್ಲ. ಮರಳು ಬೆರೆತ ಮಣ್ಣಿನಲ್ಲಿ ನೆರಳಿಗಿಡಿ. ಬೇರು ಬರೋಕೆ ಆರರಿಂದ ಎಂಟು ವಾರ ಬೇಕು, ಎಲೆ ಅದಕ್ಕಿಂತ ಮೊದಲೇ ಬರುತ್ತೆ. ಎಲೆ ಬಂತಲ್ಲ ಅಂತ ಕಡ್ಡಿ ಎಳೆದು ನೋಡಬೇಡಿ. ಇದರ ಬೇರು ಬಹಳ ನಾಜೂಕು, ಒಮ್ಮೆ ಕಿತ್ತರೆ ಮತ್ತೆ ಹಿಡಿಯೋದು ಕಷ್ಟ.