ಹಿಮದಾಗ ಬಣ್ಣ ಹಾಕೋದು ಅಜ್ಜಿ ಕಾಲದ್ದಲ್ಲ

ಹಿಮ ಬೀಳೋ ದೇಶದಾಗ ಇರೋ ನಮ್ಮ ಹೆಣ್ಣಮಕ್ಕಳು ಅರಿವಿಗೆ ಹಿಮದಿಂದ ಬಣ್ಣ ಹಾಕಿ ಫೋಟೋ ಕಳಸ್ತಾರ. ಅದನ್ನ ನೋಡಿ ನಮ್ಮ ನೆಗೆಣ್ಣಿ, "ಇದು ಅಲ್ಲಿಯವರ ಅಜ್ಜಿ ಮುತ್ತಜ್ಜಿ ಕಾಲದ ಪದ್ಧತಿ ಇರಬೇಕ್ರೀ ಅಕ್ಕಾ" ಅಂದ್ಲು. ಅಲ್ಲ. ಇದಕ್ಕ ಬೇಕಾದ ಬಣ್ಣ ಹುಟ್ಟಿ ನೂರು ವರ್ಷನೂ ಆಗಿಲ್ಲ.

ಮೊದಲು ಮಂಜಿಷ್ಠದ ಬೇರಿನ ಕೆಂಪು ಹತ್ತಿ ಬಟ್ಟೆಗೆ ಹತ್ತಬೇಕಂದ್ರ ಪಟಿಕ ಹಾಕಬೇಕಿತ್ತು, ಒಲಿ ಮ್ಯಾಲೆ ತಾಸುಗಟ್ಟಲೆ ಬಿಸಿ ಮಾಡಬೇಕಿತ್ತು. ನೀಲಿಗೆ ಕುದಿ ಬ್ಯಾಡ, ಆದ್ರ ಹುಳಿ ಬರಿಸಿದ ತೊಟ್ಟಿ ಬೇಕು. ಇವನ್ನ ಹಿಮದ ಮ್ಯಾಲೆ ಉದುರಿಸಿದ್ರ ಏನೂ ಆಗೂದಿಲ್ಲ.

1856ರಾಗ ಲಂಡನ್ನಿನಾಗ ವಿಲಿಯಂ ಪರ್ಕಿನ್ ಅನ್ನೋ 18 ವರ್ಷದ ಹುಡುಗ ಮಲೇರಿಯಾದ ಔಷಧ ಕ್ವಿನೈನ್ ಮಾಡಾಕ ಹೋಗಿ ನೇರಳೆ ಬಣ್ಣ ಮಾಡಿದ. ರಾಸಾಯನಿಕ ಬಣ್ಣದ ಕಾಲ ಅಲ್ಲಿಂದ ಶುರು. 1884ರಾಗ ಜರ್ಮನಿಯೊಳಗ ಕಾಂಗೋ ರೆಡ್ ಬಂತು. ಪಟಿಕ ಇಲ್ಲದನ ಹತ್ತಿಗೆ ಹತ್ತತಿತ್ತು, ಆದ್ರ ಬಿಸಿನೀರು ಬೇಕು, ಒಗದಾಗ ಬಣ್ಣನೂ ಬಿಡತಿತ್ತು. ಒಂದು ಕೆಂಪು ಅರಿವಿ ಇಡೀ ಬಕೇಟಿನ ಬಿಳಿ ಬಟ್ಟಿ ಕೆಡಿಸೋ ಸಂಕಟ ಹೆಂಗಸರಿಗೆ ಹೇಳಬೇಕಾಗಿಲ್ಲ.

ಈ ಸಂಕಟ ತಪ್ಪಿಸಿದವರು ಇಂಗ್ಲೆಂಡಿನ ಐಸಿಐ ಕಂಪನಿಯ ರಾಟಿ ಮತ್ತು ಸ್ಟೀಫನ್. ಅವರು ಕಂಡುಹಿಡದ ಬಣ್ಣ ಪ್ರೋಸಿಯಾನ್ ಅನ್ನೋ ಹೆಸರಿಲೆ 1956ರಾಗ ಪ್ಯಾಟಿಗೆ ಬಂತು, ಪರ್ಕಿನ್ನನ ನೇರಳೆ ಆಗಿ ಸರಿಯಾಗಿ 100 ವರ್ಷಕ್ಕ. ಹಳೇ ಬಣ್ಣ ನೂಲಿಗೆ ಬರೇ ಅಂಟಕೋತಿತ್ತು. ಇದು ವಾಷಿಂಗ್ ಸೋಡಾದ ಸಂಗಡ ಸೇರಿದ್ರ ಹತ್ತಿ ನೂಲಿನ ಕೂಡ ಬೆಸಿಗಿ ಹಾಕಿಕೋತದ. ಕುದಿಸೋದು ಬ್ಯಾಡ.

ಹಿಂಗಾಗಿ ಹಿಮಕ್ಕ ದಾರಿ ಆತು. ಸೋಡಾ ನೀರಾಗ ನೆನಸಿದ ಅರಿವಿ ಜಾಳಗಿ ಮ್ಯಾಲೆ ಹಾಸಿ, ಮ್ಯಾಲೆ ಹಿಮ ಪೇರಿಸಿ, ಬಣ್ಣದ ಪುಡಿ ಉದುರಿಸ್ತಾರ. ಹಿಮ ನಿಧಾನಕ್ಕ ಕರಗಿದಂಗ ಪುಡಿನೂ ಸ್ವಲ್ಪ ಸ್ವಲ್ಪ ಇಳೀತದ. ನೇರಳೆಯಂಥ ಕೂಡುಬಣ್ಣ ಒಡದು ನೀಲಿ, ಗುಲಾಬಿ ಬ್ಯಾರೆ ಬ್ಯಾರೆ ಕಾಣ್ತಾವ. ಆದ್ರ ಹಿಮ ಬಣ್ಣ ಹಿಡಿಸೂದಿಲ್ಲ, ಹರಡಸ್ತದ ಅಷ್ಟ. ಬೆಸಿಗಿ ಬೀಳೋದು ಹಿಮ ಕರಗಿ ಅರಿವಿ ಮನೀ ಬೆಚ್ಚಗಿಗೆ ಬಂದ ಮ್ಯಾಲೆ. ಅದಕ್ಕ ಒಂದು ದಿನ ಒಳಗ ಬಿಡಬೇಕು. ನೀರಿನ ಕೂಡ ಸೇರಿ ಕೆಟ್ಟ ಬಣ್ಣ ಉಳದಿರ್ತದ, ಅದು ಹೋಗೋತನಕ ಜಾಲಿಸಬೇಕು. ಪುಡಿ ಉಸಿರಿನಾಗ ಹೋದ್ರ ದಮ್ಮು ಹತ್ತಬಹುದು. ಮೂಗಿಗೆ ಮಾಸ್ಕ್ ಬೇಕ ಬೇಕು. ಅಡಿಗಿ ಪಾತ್ರೆ ಮುಟ್ಟಿಸಬಾರದು.

ಅರಿವಿಗೂ ಹಿಮಕ್ಕೂ ಇರೋ ಖರೇ ಹಳೇ ನಂಟು ನೋಡಬೇಕಂದ್ರ ಜಪಾನಿನ ನೀಗಾತಾಕ್ಕ ಹೋಗಬೇಕು. ಅಲ್ಲಿ ರಾಮಿ ನಾರಿನಿಂದ ನೇದ ಒಜಿಯಾ ಚಿಜಿಮಿ, ಎಚಿಗೋ ಜೋಫು ಬಟ್ಟಿಗಳನ್ನ ಬಿಸಿಲಾಗ ಹಿಮದ ಬಯಲಿನ ಮ್ಯಾಲೆ 10ರಿಂದ 20 ದಿನ ಹಾಸ್ತಾರ. ಈ ಕಸುಬು 2009ರಾಗ ಯುನೆಸ್ಕೋ ಪಟ್ಟಿಗೆ ಸೇರಿತು. ಆದ್ರ ಅಲ್ಲಿ ಹಿಮದಾಗ ಬಟ್ಟಿ ಹಾಸೋದು ಬಣ್ಣ ಕೂಡಸಾಕಲ್ಲ, ಬೆಳ್ಳಗ ಮಾಡಾಕ.